ಹೆಸರಿನ ಸ್ಥಾನದಲ್ಲೊಂದು ಆಜ್ಞೆ

ಶಾಲೆಗಳ ಜಾಲತಾಣಗಳು ಈಗ ಅಪರೂಪವಲ್ಲ. ಹಳೆ ವಿದ್ಯಾರ್ಥಿಯೊಬ್ಬ ರಜಾದಿನಗಳಲ್ಲಿ ಕುಳಿತು ವರ್ಡ್‌ಪ್ರೆಸ್‌ನಲ್ಲಿ ತಾಣವನ್ನು ಕಟ್ಟಿಕೊಡುತ್ತಾನೆ. ಚಿತ್ರಗಳಿಗೊಂದು, ಅರ್ಜಿ ನಮೂನೆಗೊಂದು, ಪುಟ ಬೇಗ ತೆರೆಯಲೆಂದು ಮತ್ತೊಂದು, ಹೀಗೆ ಅನ್ಯರು ಬರೆದಿಟ್ಟ ಪ್ಲಗಿನ್‌ಗಳನ್ನು ಜೋಡಿಸುತ್ತಾನೆ. ತರುವಾಯ ಉದ್ಯೋಗಕ್ಕೆಂದು ಊರು ಬಿಡುತ್ತಾನೆ. ತಾಣ ಉಳಿಯುತ್ತದೆ, ನೋಡಿಕೊಳ್ಳುವವರಿರುವುದಿಲ್ಲ.

ಇಂತಹ ತಾಣಗಳಿಗೆ ಒದಗುವ ಅಪಾಯಗಳಲ್ಲಿ ‘ಕ್ರಾಸ್-ಸೈಟ್ ಸ್ಕ್ರಿಪ್ಟಿಂಗ್’ ಹಳೆಯದು. ಆ ಹೆಸರು ಬಂದದ್ದೇ 2000ದಲ್ಲಿ. ಹೆಸರು ಕೇಳಿ ಅಂಜಬೇಕಿಲ್ಲ. ಬ್ರೌಸರಿಗೆ ಬರುವ ಪುಟದಲ್ಲಿ ಓದುಗನಿಗೆ ತೋರಿಸಬೇಕಾದ ಮಾತೂ ಯಂತ್ರವು ನಡೆಸಬೇಕಾದ ಆಜ್ಞೆಯೂ ಬೆರೆತೇ ಇರುತ್ತವೆ. ಗಣಿತದಲ್ಲಿ ‘ಚಿಕ್ಕದು’ ಎಂದು ಸೂಚಿಸುವ ಚಿಹ್ನೆ ಕಂಡಲ್ಲಿ ಬ್ರೌಸರ್ ಆಜ್ಞೆಯ ನಿರೀಕ್ಷೆಯಲ್ಲಿರುತ್ತದೆ. ನಮೂನೆಯಲ್ಲಿ ಹೆಸರು ಬರೆಯಬೇಕಾದಲ್ಲಿ ಒಬ್ಬಾತ ಆ ಚಿಹ್ನೆಯೊಡನೆ ಆಜ್ಞೆಯನ್ನು ಬರೆದು, ಪ್ಲಗಿನ್ ಅದನ್ನು ಶೋಧಿಸದೆ ಪುಟಕ್ಕೆ ಇಳಿಸಿತೆನ್ನಿ. ಆ ಪುಟ ತೆರೆದವರ ಬ್ರೌಸರ್ ಅದನ್ನು ತೋರಿಸುವುದಿಲ್ಲ, ಪಾಲಿಸುತ್ತದೆ. ಹಾಜರಿ ಕರೆಯುವ ಗುರುಗಳು ಪಟ್ಟಿಯಲ್ಲಿ ‘ಬಾಗಿಲು ತೆರೆ’ ಎಂದಿರುವುದನ್ನು ಓದಿ, ಎದ್ದು ಹೋಗಿ ಬಾಗಿಲು ತೆರೆದಂತೆ!

ಪುಟಗಳನ್ನು ಶೀಘ್ರವಾಗಿ ತೆರೆಯಿಸುವ ‘ಲೈಟ್‌ಸ್ಪೀಡ್ ಕ್ಯಾಶ್’ ಎಂಬ ಪ್ಲಗಿನ್ 40 ಲಕ್ಷಕ್ಕೂ ಹೆಚ್ಚು ತಾಣಗಳಲ್ಲಿತ್ತು. ತಾಣದಲ್ಲಿ ಖಾತೆಯೇ ಇಲ್ಲದವರು ಕಳುಹಿಸಿದ ಬರಹವೂ ಅದರಲ್ಲಿ ಆಡಳಿತಗಾರರಿಗೆ ಕಾಣುವ ಸೂಚನೆಯೊಳಗೆ ಶುದ್ಧಿಯಾಗದೆ ಸೇರಿಕೊಳ್ಳುತ್ತಿತ್ತು. ಕುತ್ತು ಇರುವುದು ಇಲ್ಲಿಯೇ: ಆಜ್ಞೆ ನಡೆಯುವುದು ಬರೆದವನ ಅಧಿಕಾರದಿಂದಲ್ಲ, ಪುಟ ತೆರೆದವನ ಅಧಿಕಾರದಿಂದ. 2023ರ ಅಕ್ಟೋಬರಿನಲ್ಲಿ 5.7.0.1 ಆವೃತ್ತಿಯ ಮೂಲಕ ದೋಷವನ್ನು ತಿದ್ದಲಾಯಿತು. ಆದರೆ 2024ರ ಮೇ ತಿಂಗಳಲ್ಲಿ, ಹಳೆಯ ಆವೃತ್ತಿಯಲ್ಲೇ ಉಳಿದಿದ್ದ ತಾಣಗಳೊಳಗೆ ಕಳ್ಳರು ‘ಡಬ್ಲ್ಯುಪಿಸಪ್-ಯೂಸರ್’ ಎಂಬ ಹೊಸ ಆಡಳಿತಗಾರನನ್ನು ಸೃಷ್ಟಿಸುತ್ತಿದ್ದುದು ಕಂಡುಬಂತು. ಮದ್ದು ಸಿದ್ಧವಾಗಿ ಏಳು ತಿಂಗಳಾಗಿತ್ತು, ಕುಡಿಸುವವರಿರಲಿಲ್ಲ.

ಗಡಿಯಾಚೆಯ ನಮ್ಮ ಪುಟ್ಟ ಕನ್ನಡ ಶಾಲೆಯನ್ನು ಯಾರು ಕೆಣಕುತ್ತಾರೆ ಎಂಬ ಮಾತು ನನಗೆ ಒಪ್ಪಿಗೆಯಿಲ್ಲ. ದೋಷಯುಕ್ತ ಪ್ಲಗಿನ್ ಹುಡುಕುವ ಯಂತ್ರಕ್ಕೆ ಶಾಲೆಯೂ ತಿಳಿಯದು, ಭಾಷೆಯೂ ತಿಳಿಯದು. ಪ್ರವೇಶದ ಅರ್ಜಿ ತಾಣದಲ್ಲೇ ಇದ್ದರೆ ಮಕ್ಕಳ ಜನ್ಮದಿನಾಂಕ, ಹೆತ್ತವರ ದೂರವಾಣಿ ಸಂಖ್ಯೆಗಳು ಆ ಸುಳ್ಳು ಆಡಳಿತಗಾರನ ಕೈಸೇರುತ್ತವೆ.

ಆದುದರಿಂದ ರಕ್ಷಕ-ಶಿಕ್ಷಕ ಸಂಘದ ಮುಂದಿನ ಸಭೆಯಲ್ಲಿ ಹೆತ್ತವರು ಕೇಳಲೇಬೇಕು: ತಾಣದ ಗುಪ್ತಪದ ಯಾರಲ್ಲಿದೆ? ಬಳಕೆದಾರರ ಪಟ್ಟಿಯಲ್ಲಿ ಗುರುತಿಲ್ಲದ ಹೆಸರಿದೆಯೇ? ಬೇಡವಾದ ಪ್ಲಗಿನ್‌ಗಳನ್ನು ನಿಲ್ಲಿಸಿದರೆ ಸಾಲದು, ಅಳಿಸಿಯೇ ಬಿಡಬೇಕು. ಉಳಿದವು ತಾವಾಗಿಯೇ ನವೀಕರಣಗೊಳ್ಳುವ ಅನುಕೂಲವನ್ನು 2020ರ ಆಗಸ್ಟ್‌ನಲ್ಲಿ ಬಂದ 5.5ನೆಯ ಆವೃತ್ತಿಯಿಂದಲೇ ವರ್ಡ್‌ಪ್ರೆಸ್ ಒದಗಿಸಿದೆ. ಅದನ್ನು ಚಾಲೂ ಮಾಡಲು ತಾಣ ಕಟ್ಟಿದ ಹುಡುಗ ಊರಿಗೆ ಬರುವವರೆಗೆ ಕಾಯಬೇಕಾಗಿಲ್ಲ. ಗುಪ್ತಪದ ಶಾಲೆಯಲ್ಲಿದ್ದರೆ ಸಾಕು.