ಮಂಜಿನ ನೆಪ ಸಾಕು, ಪುರಾವೆ ಕೊಡಿ

2025ರ ಡಿಸೆಂಬರ್ ಮೊದಲ ವಾರ ಹುಬ್ಬಳ್ಳಿಯ ಒಂದು ಸಭಾಂಗಣದಲ್ಲಿ ಆರತಕ್ಷತೆಗೆ ಎಲ್ಲ ಸಿದ್ಧವಾಗಿತ್ತು. ನೆಂಟರಿಷ್ಟರು ಬಂದು ಕೂತಿದ್ದರು. ಮದುಮಕ್ಕಳು ಮಾತ್ರ ಭುವನೇಶ್ವರದಲ್ಲೇ ಸಿಕ್ಕಿಹಾಕಿಕೊಂಡಿದ್ದರು; ಅವರು ಹತ್ತಬೇಕಿದ್ದ ಇಂಡಿಗೊ ವಿಮಾನ ತಡವಾಗುತ್ತಾ ತಡವಾಗುತ್ತಾ ಕೊನೆಗೆ ರದ್ದಾಗಿತ್ತು. ಮದುಮಕ್ಕಳ ಕುರ್ಚಿಯಲ್ಲಿ ವಧುವಿನ ತಂದೆತಾಯಿ ಕೂತರು. ಸಿಂಗರಿಸಿಕೊಂಡ ಜೋಡಿ ಪರದೆಯ ಮೇಲೆ ಕಾಣಿಸಿಕೊಂಡು ಬಂದವರಿಗೆ ಕೈಮುಗಿಯಿತು. ಸುದ್ದಿ ಓದಿ ನಕ್ಕವರಿದ್ದಾರೆ. ಆ ತಂದೆತಾಯಿಯ ಜಾಗದಲ್ಲಿ ನಿಂತು ನೋಡಿದರೆ ನಗು ಬರುವುದಿಲ್ಲ.

ಅದೇ ಹೊತ್ತಿಗೆ ಇಂಡಿಗೊ ಕೊಟ್ಟ ವಿವರಣೆಯಲ್ಲಿ ಸಣ್ಣಪುಟ್ಟ ತಾಂತ್ರಿಕ ತೊಂದರೆ, ಚಳಿಗಾಲದ ವೇಳಾಪಟ್ಟಿಯ ಬದಲಾವಣೆ, ಪ್ರತಿಕೂಲ ಹವಾಮಾನ, ವಿಮಾನ ನಿಲ್ದಾಣಗಳ ದಟ್ಟಣೆ ಎಲ್ಲವೂ ಇದ್ದವು. ಪೈಲಟ್‌ಗಳ ಕೆಲಸದ ಅವಧಿಯ ಹೊಸ ನಿಯಮ ಆ ಪಟ್ಟಿಯ ಕೊನೆಯಲ್ಲಿತ್ತು. ಡಿಸೆಂಬರ್ 3ರಿಂದ 5ರವರೆಗಿನ ಮೂರೇ ದಿನಗಳಲ್ಲಿ 2,507 ವಿಮಾನಗಳು ರದ್ದಾದವು. ಮೂರು ಲಕ್ಷಕ್ಕೂ ಹೆಚ್ಚು ಪ್ರಯಾಣಿಕರು ಪರದಾಡಿದರು. ಇಷ್ಟು ದೊಡ್ಡ ಅನಾಹುತಕ್ಕೆ ಚಳಿಗಾಲವನ್ನು ಹೊಣೆ ಮಾಡಿದ್ದು ಜನರ ಕಣ್ಣಿಗೆ ಮಣ್ಣೆರಚಿದ ಹಾಗೆಯೇ.

ಪಟ್ಟಿಯ ಕೊನೆಯಲ್ಲಿದ್ದುದೇ ನಿಜವಾದ ಕಾರಣ. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸುವ, ರಾತ್ರಿ ಲ್ಯಾಂಡಿಂಗ್‌ಗಳನ್ನು ಆರರಿಂದ ಎರಡಕ್ಕೆ ಇಳಿಸುವ ನಿಯಮ ಪ್ರಕಟವಾದದ್ದು 2024ರ ಜನವರಿಯಲ್ಲಿ. ಕಂಪನಿಗಳ ಒತ್ತಡದಿಂದ ಮುಂದಕ್ಕೆ ಹೋಗಿ, ದೆಹಲಿ ಹೈಕೋರ್ಟ್‌ ಮೆಟ್ಟಿಲೇರಿ, ಎರಡನೇ ಹಂತ ಜಾರಿಗೆ ಬಂದದ್ದು 2025ರ ನವೆಂಬರ್ 1ಕ್ಕೆ. ಸಿದ್ಧತೆಗೆ ಸಿಕ್ಕ ಕಾಲ ಹೆಚ್ಚುಕಡಿಮೆ ಎರಡು ವರ್ಷ. ನವೆಂಬರ್‌ನಲ್ಲೇ ಇಂಡಿಗೊ 1,232 ವಿಮಾನಗಳನ್ನು ರದ್ದು ಮಾಡಿತ್ತು. ಅವುಗಳಲ್ಲಿ 755ಕ್ಕೆ ಸಿಬ್ಬಂದಿ ಕೊರತೆ ಮತ್ತು ಈ ನಿಯಮವೇ ಕಾರಣವೆಂದು ಅದೇ ಕಂಪನಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ (ಡಿಜಿಸಿಎ) ಲೆಕ್ಕ ಕೊಟ್ಟಿದೆ. ಡಿಜಿಸಿಎಗೆ ಒಂದು ಕಾರಣ, ಟಿಕೆಟ್ ಕೊಂಡವರಿಗೆ ಇನ್ನೊಂದು ಕಾರಣ ಹೇಳುವುದು ಯಾವ ನ್ಯಾಯ?

ಮಂಜು ಸುಳ್ಳೆಂದು ನಾನು ಹೇಳುತ್ತಿಲ್ಲ. ಡಿಸೆಂಬರ್ ಕೊನೆಯಿಂದ ಜನವರಿಯವರೆಗೆ ದೆಹಲಿಯಲ್ಲಿ ರನ್‌ವೇ ಕಾಣದಷ್ಟು ಮಂಜು ಕವಿಯುತ್ತದೆ; ನಮ್ಮ ದೇವನಹಳ್ಳಿಯಲ್ಲೂ ಚಳಿಗಾಲದ ಬೆಳಗಿನ ಜಾವ ವಿಮಾನಗಳು ಕಾಯಬೇಕಾಗುತ್ತದೆ. ಆದರೆ ಇದು ಪ್ರತಿ ವರ್ಷ, ಹೇಳಿದ ಹೊತ್ತಿಗೆ ಬರುವ ಕಾಲ. ದೆಹಲಿ ವಿಮಾನ ನಿಲ್ದಾಣದಲ್ಲಿ ಮಂಜಿನ ಬಗ್ಗೆ ವಿಜ್ಞಾನಿಗಳ ವಿಶೇಷ ಅಧ್ಯಯನ 2015ರಿಂದ ನಡೆಯುತ್ತಿದೆ. ಗೋಚರತೆ 50 ಮೀಟರ್‌ಗೆ ಇಳಿದರೂ ವಿಮಾನ ಇಳಿಸಬಲ್ಲ ಕ್ಯಾಟ್-3 ವ್ಯವಸ್ಥೆ ಅಲ್ಲಿದೆ. ಅದಕ್ಕೆ ತಕ್ಕ ವಿಮಾನ, ತರಬೇತಾದ ಪೈಲಟ್ ಬೇಕು, ಅಷ್ಟೇ. 2023ರ ಡಿಸೆಂಬರ್ ಕೊನೆಯಲ್ಲಿ ಮಂಜು ಕವಿದ ದಿನಗಳಲ್ಲಿ ಅಂಥ ಪೈಲಟ್‌ಗಳನ್ನು ನಿಯೋಜಿಸದ ತಪ್ಪಿಗೆ ಏರ್ ಇಂಡಿಯಾ ಮತ್ತು ಸ್ಪೈಸ್‌ಜೆಟ್‌ಗೆ ತಲಾ 30 ಲಕ್ಷ ರೂಪಾಯಿ ದಂಡ ಬಿತ್ತು. ಮಂಜು ಇತ್ತು ನಿಜ. ಇಲ್ಲದೆ ಹೋದದ್ದು ಮಂಜಿನಲ್ಲಿ ವಿಮಾನ ಇಳಿಸಬಲ್ಲ ಪೈಲಟ್.

ಅಮೆರಿಕದಲ್ಲೂ ಹೀಗೇ ಆಯಿತು. 2022ರ ಕ್ರಿಸ್‌ಮಸ್ ಹೊತ್ತಿಗೆ ಬಂದ ಹಿಮಬಿರುಗಾಳಿ ಎಲ್ಲ ಕಂಪನಿಗಳನ್ನೂ ಹೊಡೆಯಿತು. ಉಳಿದವು ಕೆಲವೇ ದಿನಗಳಲ್ಲಿ ಚೇತರಿಸಿಕೊಂಡವು. ಸೌತ್‌ವೆಸ್ಟ್ ಮಾತ್ರ ಸುಮಾರು 16,900 ವಿಮಾನಗಳನ್ನು ರದ್ದು ಮಾಡಿತು. ಸಿಬ್ಬಂದಿಯನ್ನು ಎಲ್ಲಿಂದ ಎಲ್ಲಿಗೆ ಕಳಿಸಬೇಕೆಂದು ಲೆಕ್ಕ ಹಾಕುವ ಅದರ ವ್ಯವಸ್ಥೆಯೇ ಕುಸಿದಿತ್ತು. ಮರುವರ್ಷ ಅಲ್ಲಿನ ಸಾರಿಗೆ ಇಲಾಖೆ 14 ಕೋಟಿ ಡಾಲರ್ ದಂಡ ಹಾಕಿತು.

ಹಾಗಾದರೆ ಕಂಪನಿಗಳಿಗೆ ಹವಾಮಾನದ ಮೇಲೆ ಇಷ್ಟು ಪ್ರೀತಿ ಯಾಕೆ? ಹಣಕ್ಕಾಗಿ. ನಮ್ಮ ನಿಯಮದ ಪ್ರಕಾರ ಮುಂಚಿತವಾಗಿ ತಿಳಿಸದೆ ವಿಮಾನ ರದ್ದು ಮಾಡಿದರೆ, ಟಿಕೆಟ್ ಹಣದ ಜೊತೆಗೆ ಹಾರಾಟದ ಅವಧಿಗೆ ತಕ್ಕಂತೆ ಗರಿಷ್ಠ 5,000ದಿಂದ 10,000 ರೂಪಾಯಿವರೆಗೆ ಪರಿಹಾರ ಕೊಡಬೇಕು. ಕಂಪನಿಯ ಕೈಮೀರಿದ ಕಾರಣವಾದರೆ ಆ ಪರಿಹಾರ ಇಲ್ಲ. ಹವಾಮಾನ ಎಂದು ಬರೆದರೆ ಅಲ್ಲಿಗೆ ಕತೆ ಮುಗಿಯಿತು. ಹಾಗೆ ಬರೆಯುವುದು ಕಂಪನಿಯೇ, ನಂಬಬೇಕಾದವರು ನಾವು. ತಪ್ಪು ಮಾಡಿದವರ ಕೈಗೇ ತೀರ್ಪಿನ ಪೆನ್ನು ಕೊಟ್ಟಿದ್ದೇವೆ.

ಯುರೋಪಿನಲ್ಲಿ ಹಾಗಿಲ್ಲ. ಕಾರಣ ತನ್ನ ಕೈಮೀರಿದ್ದು, ಎಷ್ಟೇ ಪ್ರಯತ್ನಿಸಿದರೂ ತಪ್ಪಿಸಲು ಆಗುತ್ತಿರಲಿಲ್ಲ ಎಂದು ರುಜುವಾತು ಮಾಡುವ ಹೊಣೆ ಅಲ್ಲಿ ಕಂಪನಿಯದೇ. ನಮ್ಮಲ್ಲಿ ಇದು ಕಷ್ಟವೂ ಅಲ್ಲ. ದೊಡ್ಡ ವಿಮಾನ ನಿಲ್ದಾಣಗಳ ಗೋಚರತೆ, ಗಾಳಿ, ಮೋಡದ ವರದಿ ಅರ್ಧ ಗಂಟೆಗೊಮ್ಮೆ ಹೊರಬೀಳುತ್ತದೆ. ಹವಾಮಾನದ ಕಾರಣ ಕೊಟ್ಟು ವಿಮಾನ ರದ್ದು ಮಾಡಿದರೆ ಆ ಹೊತ್ತಿನ ವರದಿಯನ್ನೂ ಪ್ರಯಾಣಿಕರಿಗೆ ಕಳಿಸಬೇಕು, ಇಲ್ಲವೇ ಪರಿಹಾರ ಕೊಡಬೇಕು ಎಂದು ಡಿಜಿಸಿಎ ಒಂದು ಆದೇಶ ಹೊರಡಿಸಿದರೆ ಸಾಕು.

ಡಿಜಿಸಿಎ ಮಾಡಿದ್ದೇನು? ಡಿಸೆಂಬರ್ 5ರಂದು ವಿಶ್ರಾಂತಿಯ ನಿಯಮವನ್ನೇ ಸಡಿಲಿಸಿತು. ಕಂಪನಿಯ ತಪ್ಪಿಗೆ ಪೈಲಟ್‌ಗಳ ನಿದ್ದೆ, ಅವರ ಹಿಂದೆ ಕೂತವರ ಸುರಕ್ಷತೆ ಎರಡನ್ನೂ ಒತ್ತೆ ಇಟ್ಟಿತು. ಇದು ನಾಚಿಕೆಗೇಡಿನ ನಡೆ. 2026ರ ಜನವರಿಯಲ್ಲಿ ಇಂಡಿಗೊಗೆ 22.20 ಕೋಟಿ ರೂಪಾಯಿ ದಂಡ ಹಾಕಿದ್ದು ಸರಿಯೇ. ಆದರೆ ದಂಡದ ಹಣ ಪ್ರಯಾಣಿಕರ ಕೈಗೆ ಬರುವುದಿಲ್ಲ. ತೀವ್ರ ತೊಂದರೆಗೆ ಒಳಗಾದವರಿಗೆ ಕಂಪನಿ ಘೋಷಿಸಿದ 10,000 ರೂಪಾಯಿಯ ವೋಚರ್ ಕೂಡ ಮತ್ತೆ ಅದೇ ಕಂಪನಿಯ ವಿಮಾನ ಹತ್ತುವವರಿಗೆ ಮಾತ್ರ.

ಆದೇಶ ಬರುವವರೆಗೆ ನಾವು ಕೈಕಟ್ಟಿ ಕೂರಬೇಕಿಲ್ಲ. ವಿಮಾನ ರದ್ದಾದರೆ ಕಾರಣವನ್ನು ಲಿಖಿತವಾಗಿ ಕೊಡಿ ಎಂದು ಕೌಂಟರಿನಲ್ಲೇ ಕೇಳಿ. ಬಂದ ಸಂದೇಶಗಳನ್ನು ಅಳಿಸಬೇಡಿ, ಊಟ ವಸತಿಯ ರಸೀದಿ ಇಟ್ಟುಕೊಳ್ಳಿ. ಅದೇ ಹೊತ್ತಿಗೆ ಅದೇ ನಿಲ್ದಾಣದಿಂದ ಬೇರೆ ಕಂಪನಿಗಳ ವಿಮಾನ ಹಾರಿದ್ದರೆ ಬರೆದಿಟ್ಟುಕೊಳ್ಳಿ. ಕೇಂದ್ರ ಸರ್ಕಾರದ ಏರ್‌ಸೇವಾ ಜಾಲತಾಣದಲ್ಲಿ ದೂರು ಕೊಡಿ. ಅಲ್ಲಿ ನ್ಯಾಯ ಸಿಗದಿದ್ದರೆ ನಿಮ್ಮ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ಹೋಗಿ.