ದೋಣಿಯವರ ಕೈ ನಿಮ್ಮ ಡ್ರೋನಿಗೆ ಹೆಲಿಪ್ಯಾಡ್ ಅಲ್ಲ

ಹೊನ್ನಾವರದ ಹತ್ತಿರ ಶರಾವತಿ ಹೊಳೆಯಲ್ಲಿ ಮದುವೆಗೆ ಮುಂಚಿನ ಫೋಟೊಶೂಟ್ ಈಗ ಮಾಮೂಲಿ. ಹುಡುಗ ಹುಡುಗಿ ದೋಣಿಯಲ್ಲಿ, ಮೇಲೆ ಡ್ರೋನ್. ವಿಡಿಯೊ ಚೆಂದ ಬರುತ್ತದೆ, ನಾವೂ ಲೈಕ್ ಒತ್ತುತ್ತೇವೆ. ಆದರೆ ಕೊನೆಗೆ ಡ್ರೋನ್ ಇಳಿಸುವಾಗ "ಅಣ್ಣಾ, ಸ್ವಲ್ಪ ಹಿಡ್ಕೊಳ್ಳಿ" ಎಂದು ದೋಣಿಯವರಿಗೇ ಹೇಳುವುದುಂಟು. ಇದು ನಿಲ್ಲಬೇಕು.

ಡ್ರೋನ್ ನಿಲ್ಲುವುದು ಜಿಪಿಎಸ್ ಲೆಕ್ಕದಲ್ಲಿ, ದೋಣಿ ಸಾಗುವುದು ನೀರಿನ ಸೆಳೆತದಲ್ಲಿ. ಡ್ರೋನ್ ಒಂದೇ ಕಡೆ ನಿಂತಿದ್ದರೂ ಕೆಳಗಿನ ದೋಣಿ ಸರಿಯುತ್ತಲೇ ಇರುತ್ತದೆ. ಹೊಟ್ಟೆಯಡಿಯ ಕ್ಯಾಮೆರಾಕ್ಕೆ ಅಲೆಯ ಮೇಲೆ ಗುರುತು ಸಿಗುವುದಿಲ್ಲ. ಹಾರಿದ ಜಾಗವನ್ನೇ ಡ್ರೋನ್ 'ಹೋಮ್ ಪಾಯಿಂಟ್' ಎಂದು ನೆನಪಿಟ್ಟುಕೊಳ್ಳುತ್ತದೆ. ಸಿಗ್ನಲ್ ತಪ್ಪಿದರೆ ಅಲ್ಲಿಗೇ ವಾಪಸ್ ಬರುತ್ತದೆ. ಅಷ್ಟೊತ್ತಿಗೆ ಅಲ್ಲಿ ದೋಣಿ ಇರುವುದಿಲ್ಲ, ಬರೀ ನೀರು.

ಹಾಗಾಗಿ ಕೈಯಲ್ಲಿ ಹಿಡಿಯುವುದು. ಹಿಡಿದು ಎಳೆದರೆ ಕೆಲವು ಡ್ರೋನ್‌ಗಳು ಗಾಳಿ ತಳ್ಳಿತೆಂದು ತಿಳಿದು ರೆಕ್ಕೆಯ ವೇಗ ಹೆಚ್ಚಿಸುತ್ತವೆ. ಅಲುಗಾಡುವ ದೋಣಿಯಲ್ಲಿ ಕಾಲು ಜಾರಿದರೆ ಬೆರಳೋ ಕಣ್ಣೋ ಹೋಯಿತು. ಹುಟ್ಟು ಹಿಡಿಯುವವರಿಗೆ, ಬಲೆ ಎಳೆಯುವವರಿಗೆ ಬೆರಳೇ ಅನ್ನ.

"ಎಲ್ಲರೂ ಹೀಗೇ ಮಾಡ್ತಾರೆ, ಏನೂ ಆಗಲ್ಲ" ಎನ್ನುವವರಿಗೆ ನಮ್ಮದೊಂದು ಪ್ರಶ್ನೆ: ಏನೂ ಆಗುವುದಿಲ್ಲ ಎಂದಾದರೆ ನೀವೇ ಯಾಕೆ ಹಿಡಿಯಬಾರದು?

ಹೊಳೆಯಲ್ಲಿ ಇದಕ್ಕೆ ಸುಲಭ ದಾರಿ ಇದೆ. ಎರಡೂ ಕಡೆ ದಡ ಕಾಣುತ್ತದೆ. ದಡದಿಂದಲೇ ಹಾರಿಸಿ, ದಡದಲ್ಲೇ ಇಳಿಸಿ. ದಡ ದೂರವಿದ್ದು ದೋಣಿಯಿಂದಲೇ ಹಾರಿಸಬೇಕೆಂದರೆ ಹಿಡಿಯಲು ನಿಮ್ಮದೇ ತಂಡದ ಕಲಿತವರನ್ನು ಕರೆತನ್ನಿ. ದಪ್ಪ ಗ್ಲೌಸ್, ಕನ್ನಡಕ, ಲೈಫ್ ಜಾಕೆಟ್ ಹಾಕಿಸಿ. ಎಂಜಿನ್ ನಿಲ್ಲಿಸಿ, ಉಳಿದವರನ್ನು ದೂರ ಕೂರಿಸಿ. ಡ್ರೋನನ್ನು ತಲೆಗಿಂತ ಎತ್ತರದಲ್ಲಿ ತಂದು ನಿಲ್ಲಿಸಿ, ಕೆಳಗಿನಿಂದ ಹಿಡಿಯಲಿ. ರೆಕ್ಕೆ ಪೂರ್ತಿ ನಿಲ್ಲುವವರೆಗೆ ಬಿಡಬಾರದು, ಎಳೆಯಬಾರದು. ಹೋಮ್ ಪಾಯಿಂಟ್ ಆಗಾಗ ರಿಮೋಟ್ ಇರುವ ಜಾಗಕ್ಕೆ ಬದಲಿಸುತ್ತಿರಿ. ಬ್ಯಾಟರಿ ಮೂರನೇ ಒಂದು ಭಾಗ ಇರುವಾಗಲೇ ವಾಪಸ್ ಕರೆಯಿರಿ. ಮಧ್ಯಾಹ್ನ ಕಡಲ ಗಾಳಿ ಜೋರಾಗುತ್ತದೆ, ಬೆಳಿಗ್ಗೆಯೇ ಮುಗಿಸಿ.

ಕಾನೂನೂ ಇದೆ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಮೀರಿದ ಡ್ರೋನಿಗೆ ಥರ್ಡ್ ಪಾರ್ಟಿ ವಿಮೆ ಬೇಕು. ಅಂಥದ್ದನ್ನು ದುಡಿಮೆಗೆ ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರವೂ ಬೇಕು. ದೋಣಿ ಹತ್ತುವ ಮುಂಚೆ ಎರಡನ್ನೂ ತೋರಿಸಿ ಎಂದು ಕೇಳುವುದು ಜಗಳವಲ್ಲ, ಹಕ್ಕು.

ದೋಣಿ ನಡೆಸುವ ಅಣ್ಣಂದಿರೇ, ನೀವು ಬಾಡಿಗೆ ತೆಗೆದುಕೊಂಡಿದ್ದು ದೋಣಿಗೆ, ಕೈಗಲ್ಲ. ಗಿರಾಕಿ ಬೇಜಾರಾದಾನು ಎಂದು ಹೆದರಬೇಡಿ. ಎಲ್ಲ ದೋಣಿಯವರೂ ಒಟ್ಟಾಗಿ ಜೆಟ್ಟಿಯಲ್ಲಿ ಒಂದು ಬೋರ್ಡ್ ಹಾಕಿ: "ಡ್ರೋನ್ ನಾವು ಹಿಡಿಯುವುದಿಲ್ಲ." ಒಬ್ಬರು ಹೇಳಿದರೆ ಗಿರಾಕಿ ಪಕ್ಕದ ದೋಣಿಗೆ ಹೋದಾನು. ಎಲ್ಲರೂ ಹೇಳಿದರೆ ದಡದಲ್ಲೇ ಇಳಿಸುತ್ತಾನೆ.