ರಾಜೀನಾಮೆಗಿಂತ ಮೊದಲು ಲೆಕ್ಕ ಕೇಳೋಣ

ಸರ್ಕಾರದ ಕೈಕೆಳಗೆ ದೊಡ್ಡ ಅನಾಹುತವಾದ ಕೂಡಲೇ ನಮ್ಮ ಬಾಯಿಗೆ ಬರುವ ಮೊದಲ ಮಾತು ಮಂತ್ರಿಯ ರಾಜೀನಾಮೆ. ವಿರೋಧ ಪಕ್ಷದವರು ಕೇಳುತ್ತಾರೆ, ಸಂಪಾದಕೀಯಗಳು ಕೇಳುತ್ತವೆ, ಬಸ್ಸಿನಲ್ಲಿ ಪಕ್ಕಕ್ಕೆ ಕೂತವರೂ ಕೇಳುತ್ತಾರೆ. ಕೋವಿಡ್ ಕಾಲದಲ್ಲಿ ಇದಕ್ಕೆ ಇನ್ನೊಂದು ಮಾತು ಸೇರಿಕೊಂಡಿತು: ಬ್ರಿಟನ್ನಿನಲ್ಲಿ ನೋಡಿ, ನಿಯಮ ಮುರಿದು ಸಿಕ್ಕಿಬಿದ್ದ ಆರೋಗ್ಯ ಸಚಿವರು ಮರುದಿನವೇ ಕುರ್ಚಿ ಬಿಟ್ಟರು, ನಮ್ಮವರಿಗೆ ಆ ಮರ್ಯಾದೆ ಎಲ್ಲಿದೆ? ಹೀಗೆ ಕೇಳುವವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಅವರ ಮಾತನ್ನು ಒಪ್ಪಲಾರೆ. ರಾಜೀನಾಮೆಯನ್ನೇ ಮೊದಲ ಬೇಡಿಕೆಯಾಗಿ ಇಟ್ಟಿದ್ದರಿಂದ ಅನುಕೂಲವಾಗಿರುವುದು ಸರ್ಕಾರಗಳಿಗೆ. ಸತ್ತವರ ಮನೆಯವರಿಗೆ ಅದರಿಂದ ಸಿಕ್ಕಿದ್ದು ತೀರ ಕಡಿಮೆ.

ಬ್ರಿಟನ್ನಿನ ಆ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಮ್ಯಾಟ್ ಹ್ಯಾಂಕಾಕ್ 2021ರ ಜೂನ್ 26ರಂದು ಹುದ್ದೆ ಬಿಟ್ಟರು. ಕಚೇರಿಯಲ್ಲಿ ತಮ್ಮ ಸಲಹೆಗಾರ್ತಿಯನ್ನು ಅಪ್ಪಿಕೊಂಡಿದ್ದ ಚಿತ್ರವನ್ನು ‘ದಿ ಸನ್’ ಪತ್ರಿಕೆ ಅದರ ಹಿಂದಿನ ದಿನ ಪ್ರಕಟಿಸಿತ್ತು. ಪರಸ್ಪರ ಅಂತರ ಕಾಯ್ದುಕೊಳ್ಳಿ ಎಂದು ದೇಶಕ್ಕೆಲ್ಲ ಹೇಳುತ್ತಿದ್ದವರು ಅವರೇ, ಹಾಗಾಗಿ ಹೋದದ್ದು ಸರಿ. ಆದರೆ ಅದಕ್ಕೂ ಒಂದು ವರ್ಷ ಹಿಂದೆ, 2020ರ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ, ಆಸ್ಪತ್ರೆಗಳಲ್ಲಿ ಹಾಸಿಗೆ ಖಾಲಿ ಮಾಡಿಸಲು ವಯಸ್ಸಾದ ರೋಗಿಗಳನ್ನು ಕೋವಿಡ್ ಪರೀಕ್ಷೆಯಿಲ್ಲದೆ ವೃದ್ಧರ ಆರೈಕೆ ಕೇಂದ್ರಗಳಿಗೆ ಕಳಿಸಲಾಗಿತ್ತು. ಆ ಕೇಂದ್ರಗಳಲ್ಲಿ ಸಾವಿರಾರು ಜನ ಸೋಂಕಿನಿಂದ ತೀರಿಕೊಂಡರು. ಅದಕ್ಕಾಗಿ ಹ್ಯಾಂಕಾಕ್ ಕುರ್ಚಿ ಬಿಡಲಿಲ್ಲ, ಬೇರೆ ಯಾರೂ ಬಿಡಲಿಲ್ಲ.

ಆ ಸಾವುಗಳ ಪ್ರಶ್ನೆಯನ್ನು ಕೋರ್ಟಿಗೆ ಒಯ್ದವರು ತಂದೆಯನ್ನು ಕಳೆದುಕೊಂಡಿದ್ದ ಇಬ್ಬರು ಹೆಣ್ಣುಮಕ್ಕಳು. 2022ರ ಏಪ್ರಿಲ್‌ನಲ್ಲಿ ಲಂಡನ್ನಿನ ಹೈಕೋರ್ಟ್ ಆ ನೀತಿ ಕಾನೂನುಬಾಹಿರ ಎಂದು ತೀರ್ಪು ಕೊಟ್ಟಿತು. ರೋಗಲಕ್ಷಣ ಇಲ್ಲದವರಿಂದಲೂ ಸೋಂಕು ಹರಡಬಹುದೆಂಬ ಅಪಾಯವನ್ನು ಸರ್ಕಾರ ಗಣನೆಗೇ ತೆಗೆದುಕೊಂಡಿರಲಿಲ್ಲ ಎಂಬುದು ಕೋರ್ಟಿನ ಮುಖ್ಯ ಆಕ್ಷೇಪ. ಆಮೇಲೆ ನಿವೃತ್ತ ನ್ಯಾಯಮೂರ್ತಿ ಹೆದರ್ ಹ್ಯಾಲೆಟ್ ಅವರ ಸಾರ್ವಜನಿಕ ವಿಚಾರಣೆ ಬಂತು. ಕೋವಿಡ್ ಕಾಲದ ಪ್ರಧಾನಿ ಬೋರಿಸ್ ಜಾನ್ಸನ್ ಅವರ ವಾಟ್ಸಾಪ್ ಸಂದೇಶಗಳನ್ನು ಪೂರ್ತಿಯಾಗಿ ಕೊಡಿ ಎಂದು ಹ್ಯಾಲೆಟ್ ಕೇಳಿದಾಗ ಸರ್ಕಾರ ಕೊಡಲು ಒಪ್ಪದೆ ಕೋರ್ಟಿಗೆ ಹೋಗಿ 2023ರ ಜುಲೈನಲ್ಲಿ ಸೋತಿತು. ಅದೇ ವರ್ಷದ ಕೊನೆಯಲ್ಲಿ ಹ್ಯಾಂಕಾಕ್ ಮತ್ತು ಜಾನ್ಸನ್ ಇಬ್ಬರೂ ಪ್ರಮಾಣ ಮಾಡಿ, ನೇರ ಪ್ರಸಾರದಲ್ಲಿ, ವಕೀಲರ ಪ್ರಶ್ನೆಗಳಿಗೆ ಉತ್ತರ ಹೇಳಿದರು. ಯಾವ ದಿನ ಯಾವ ಸಲಹೆ ಬಂತು, ಅದನ್ನು ಯಾರು ಓದಿದರು, ಏನು ಮಾಡಿದರು ಎಂದು ಒಂದೊಂದಾಗಿ ಕೇಳಲಾಯಿತು. ಲಾಕ್‌ಡೌನ್ ಒಂದು ವಾರ ಮೊದಲೇ ಜಾರಿಯಾಗಿದ್ದರೆ ಮೊದಲ ಅಲೆಯಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 23,000 ಸಾವು ಕಡಿಮೆಯಾಗುತ್ತಿತ್ತೆಂಬ ಅಂದಾಜು 2025ರ ನವೆಂಬರ್‌ನಲ್ಲಿ ಬಂದ ವರದಿಯಲ್ಲಿದೆ. ನಾವು ಬ್ರಿಟನ್ನಿನಿಂದ ಕಲಿಯಬೇಕಾದದ್ದು ಇದ್ದರೆ ಈ ವಿಚಾರಣೆಯಿಂದ. ತಡವಾಗಿ ಬಂತು ಎಂಬುದು ನಿಜ, ಆದರೆ ಬಂತು.

ಲಾಲ್ ಬಹಾದ್ದೂರ್ ಶಾಸ್ತ್ರಿಯವರನ್ನು ಮರೆತಿರಾ ಎಂದು ಹಿರಿಯ ಓದುಗರು ಕೇಳಬಹುದು. ಮರೆತಿಲ್ಲ. 1956ರ ನವೆಂಬರ್‌ನಲ್ಲಿ ಅರಿಯಲೂರಿನ ರೈಲು ದುರಂತವಾದಾಗ ರೈಲ್ವೆ ಸಚಿವರಾಗಿದ್ದ ಅವರು ಪದವಿ ಬಿಟ್ಟದ್ದು ದೊಡ್ಡ ನಡತೆ. ಶಾಸ್ತ್ರಿಯವರು ತಪ್ಪು ಮಾಡಿದ್ದಾರೆಂದಲ್ಲ, ಮುಂದಿನವರಿಗೆ ಮೇಲ್ಪಂಕ್ತಿಯಾಗಲಿ ಎಂದು ಅಂಗೀಕರಿಸುತ್ತಿದ್ದೇನೆ ಎಂಬರ್ಥದ ಮಾತನ್ನು ನೆಹರೂ ಸಂಸತ್ತಿನಲ್ಲಿ ಹೇಳಿದರು. ಆದರೆ ನಾವು ಹೆಚ್ಚು ನೆನೆಯಬೇಕಾದದ್ದು ಅದರ ಮರುವರ್ಷ ಹೊರಬಂದ ಮುಂಧ್ರಾ ಹಗರಣವನ್ನು ಎಂದು ನನಗನ್ನಿಸುತ್ತದೆ. ಜೀವವಿಮಾ ನಿಗಮದ ಹಣ ಒಬ್ಬ ವ್ಯಾಪಾರಿಯ ಕಂಪನಿಗಳ ಷೇರಿಗೆ ಹೋದದ್ದನ್ನು ಫಿರೋಜ್ ಗಾಂಧಿ ಸಂಸತ್ತಿನಲ್ಲಿ ಎತ್ತಿದರು. ಆಳುವ ಪಕ್ಷದ ಸದಸ್ಯರಾಗಿದ್ದೇ ಎತ್ತಿದರು. ಬೊಂಬಾಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ 1958ರ ಆರಂಭದಲ್ಲಿ ಬಹಿರಂಗ ವಿಚಾರಣೆ ನಡೆಸಿದರು. ಒಳಗೆ ಜಾಗ ಸಾಲದೆ ಹೊರಗೆ ನಿಂತವರು ಧ್ವನಿವರ್ಧಕದಲ್ಲಿ ಕಲಾಪ ಕೇಳಿದರು. ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ಬಂದು ಸಾಕ್ಷಿ ಹೇಳಿದರು. ಕೆಲವೇ ವಾರಗಳಲ್ಲಿ ವರದಿ ಸಿದ್ಧವಾಯಿತು. ಕಾರ್ಯದರ್ಶಿ ಮಾಡಿದ ಕೆಲಸಕ್ಕೆ ಸಚಿವರು ಹೊಣೆ ಹೊರಲೇಬೇಕು ಎಂದು ಛಾಗ್ಲಾ ಬರೆದರು. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟದ್ದು ಅದಾದ ಮೇಲೆ, ಫೆಬ್ರುವರಿಯಲ್ಲಿ. ಮೊದಲು ಲೆಕ್ಕ ಬಂತು, ಆಮೇಲೆ ಕುರ್ಚಿ ಹೋಯಿತು.

ಕೋವಿಡ್ಡಿನಲ್ಲಿ ನಮಗೆ ಆದದ್ದು ಇದರ ತಿರುಗುಮುರುಗು. ಕೇಂದ್ರದ ಆರೋಗ್ಯ ಸಚಿವ ಹರ್ಷವರ್ಧನ್ 2021ರ ಮಾರ್ಚ್‌ನಲ್ಲಿ, ಎರಡನೇ ಅಲೆ ಬಾಗಿಲಲ್ಲಿದ್ದಾಗ, ಸಾಂಕ್ರಾಮಿಕದ ಅಂತಿಮ ಹಂತದಲ್ಲಿದ್ದೇವೆ ಎಂದಿದ್ದರು. ಜುಲೈ 7ರ ಸಂಪುಟ ಪುನರ್‌ರಚನೆಯಲ್ಲಿ ಅವರ ರಾಜೀನಾಮೆ ಪಡೆಯಲಾಯಿತು. ಯಾವ ತಪ್ಪಿಗೆ ಎಂದು ಸರ್ಕಾರ ಹೇಳಲಿಲ್ಲ. ಎರಡು ವಾರದೊಳಗೆ, ಜುಲೈ 20ರಂದು, ಆಮ್ಲಜನಕದ ಕೊರತೆಯಿಂದಾದ ಸಾವುಗಳನ್ನು ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಎಂಬ ಉತ್ತರ ರಾಜ್ಯಸಭೆಯಲ್ಲಿ ಬಂತು. ರಾಜೀನಾಮೆ ಸಿಕ್ಕಿತ್ತು. ಲೆಕ್ಕ ಸಿಗಲಿಲ್ಲ.

ಆ ಉತ್ತರ ಕೇಳಿದಾಗ ನಮ್ಮಲ್ಲಿ ಬಹಳ ಜನಕ್ಕೆ ನೆನಪಾದದ್ದು ಚಾಮರಾಜನಗರ. 2021ರ ಮೇ 2ರ ರಾತ್ರಿ ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಮುಗಿಯಿತು. ಮೈಸೂರಿನಿಂದ ಸಿಲಿಂಡರ್ ತುಂಬಿಸಿಕೊಂಡು ಬರಬೇಕಾಗಿದ್ದ ಜಿಲ್ಲೆ ಅದು. ಉಸಿರಿಗೆ ಒದ್ದಾಡುವವರ ಪಕ್ಕದಲ್ಲಿ ಮನೆಯವರು ನಿಂತಿದ್ದರು, ಲಾರಿ ಇನ್ನೂ ಬಂದಿರಲಿಲ್ಲ. 24 ಗಂಟೆಯೊಳಗೆ 24 ಜನ ಸತ್ತರು. ಆಮ್ಲಜನಕ ಇಲ್ಲದೆ ಸತ್ತವರು ಮೂವರು, ಉಳಿದವರಿಗೆ ಬೇರೆ ಕಾರಣಗಳಿದ್ದವು ಎಂದು ಸರ್ಕಾರ ಮೊದಲು ಹೇಳಿತು. ಎರಡು ಜಿಲ್ಲೆಗಳ ಆಡಳಿತಗಳು ಪತ್ರಿಕೆಗಳ ಮೂಲಕವೇ ಒಂದರ ಮೇಲೊಂದು ತಪ್ಪು ಹೊರಿಸಿದವು. ಹೈಕೋರ್ಟ್ ನೇಮಿಸಿದ, ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡ ಅವರ ಸಮಿತಿ ಮೂವರು ಎಂಬ ಲೆಕ್ಕವನ್ನು ಒಪ್ಪಲಿಲ್ಲ. ಚಾಮರಾಜನಗರ ಜಿಲ್ಲಾಡಳಿತದ ವೈಫಲ್ಯವನ್ನು ಎತ್ತಿ ತೋರಿಸಿತು.

ಆದರೆ ಆ ರಾತ್ರಿ ಶುರುವಾದದ್ದು ಆಸ್ಪತ್ರೆಯ ವಾರ್ಡಿನಲ್ಲಲ್ಲ. ಮೇ 5ರ ಹೊತ್ತಿಗೆ ಇಡೀ ಕರ್ನಾಟಕಕ್ಕೆ ಕೇಂದ್ರ ಹಂಚಿದ್ದ ಆಮ್ಲಜನಕ ದಿನಕ್ಕೆ 965 ಟನ್. ಅದನ್ನು 1,200 ಟನ್ನಿಗೆ ಏರಿಸಿ ಎಂದು ಹೈಕೋರ್ಟ್ ಅಂದೇ ಆದೇಶಿಸಿತು. ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಸುಪ್ರೀಂ ಕೋರ್ಟ್ ಮಧ್ಯೆ ಬರಲು ಒಪ್ಪಲಿಲ್ಲ. ಅಂದರೆ ರಾಜ್ಯದ ಪಾಲು ದೆಹಲಿಯಲ್ಲಿ ನಿಗದಿಯಾಗುತ್ತಿತ್ತು, ಜಿಲ್ಲೆಗಳ ಪಾಲು ರಾಜ್ಯದೊಳಗೆ, ಸಿಲಿಂಡರ್ ತುಂಬುತ್ತಿದ್ದದ್ದು ಮೈಸೂರಿನಲ್ಲಿ. ಪ್ರತಿ ಹಂತದಲ್ಲೂ ಒಬ್ಬರು ತೀರ್ಮಾನ ಮಾಡಿದ್ದಾರೆ, ಇನ್ನೊಬ್ಬರು ಸಹಿ ಹಾಕಿದ್ದಾರೆ. ಅಂದು ಒಬ್ಬ ಸಚಿವರು ರಾಜೀನಾಮೆ ಕೊಟ್ಟಿದ್ದರೆ ನಾವೆಲ್ಲ ಒಂದಿಷ್ಟು ಸಮಾಧಾನಗೊಳ್ಳುತ್ತಿದ್ದೆವು, ಈ ಸಹಿಗಳ ಸುದ್ದಿ ಅಲ್ಲಿಗೇ ನಿಲ್ಲುತ್ತಿತ್ತು. ಹೊಸದಾಗಿ ಬಂದವರು ‘ಅದು ನನಗಿಂತ ಹಿಂದಿನದು, ಕಡತ ತರಿಸಿ ನೋಡುತ್ತೇನೆ’ ಎನ್ನುತ್ತಿದ್ದರು.

ನನ್ನ ವಾದಕ್ಕೆ ಗಟ್ಟಿಯಾದ ಒಂದು ಆಕ್ಷೇಪವಿದೆ. ಅದೇ ಮಂತ್ರಿ ಅದೇ ಕುರ್ಚಿಯಲ್ಲಿ ಕೂತಿದ್ದರೆ ದಾಖಲೆ ತಿದ್ದಿಸಬಹುದು, ಅಧಿಕಾರಿಗಳ ಬಾಯಿ ಮುಚ್ಚಿಸಬಹುದು. ಈ ಭಯ ಸುಳ್ಳಲ್ಲ. ಆದರೆ ಮಂತ್ರಿ ಮನೆಗೆ ಹೋದಾಗಲೂ ಇಲಾಖೆ ಅದೇ, ಪಕ್ಷ ಅದೇ, ಮುಖ್ಯಮಂತ್ರಿಯೂ ಅವರೇ. ಕಡತ ತಿದ್ದುವವರಿಗೆ ಯಾವ ಅಡ್ಡಿಯೂ ಇರುವುದಿಲ್ಲ. ಚಾಮರಾಜನಗರದ ದಾಖಲೆಗಳಿಗೆ ರಕ್ಷಣೆ ಸಿಕ್ಕಿದ್ದು ಅವುಗಳನ್ನು ವಶಪಡಿಸಿಕೊಂಡು ಮೊಹರು ಹಾಕಿ ಎಂದು ಹೈಕೋರ್ಟ್ ಮುಖ್ಯ ಕಾರ್ಯದರ್ಶಿಗೆ ಆದೇಶಿಸಿದ್ದರಿಂದ. ಮಂತ್ರಿ ತಾವೇ ಲಂಚ ತಿಂದರೆ, ತಾವೇ ಮಾಡಿದ ನಿಯಮ ಮುರಿದರೆ ಆ ಮಾತು ಬೇರೆ. ಅವರು ಅಂದೇ ಹೋಗಬೇಕು.

ರಾಜ್ಯದಲ್ಲಿ ಸರ್ಕಾರ ಬದಲಾದ ಮೇಲೆ, 2023ರಲ್ಲಿ, ಕೋವಿಡ್ ಖರೀದಿಗಳ ತನಿಖೆಗೆ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಅವರ ಆಯೋಗ ಬಂತು. ಅದು ಬೇಕಾಗಿತ್ತು. ಆದರೆ ಎರಡು ವರ್ಷ ಕಳೆದು, ಎದುರಾಳಿ ಪಕ್ಷದ ಸರ್ಕಾರ ನೇಮಿಸಿದ ಆಯೋಗದ ಮಾತನ್ನು ರಾಜ್ಯದ ಅರ್ಧ ಜನ ರಾಜಕೀಯ ಎಂದೇ ತಿಳಿಯುತ್ತಾರೆ. ಲೆಕ್ಕ ಕೊಡುವ ಕೆಲಸ ಆಳುತ್ತಿರುವವರ ಕೈಯಲ್ಲೇ, ಅವರು ಆಳುತ್ತಿರುವಾಗಲೇ ಆಗಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಅದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. 1952ರ ವಿಚಾರಣಾ ಆಯೋಗಗಳ ಕಾಯ್ದೆ ಸಾಕ್ಷಿಗಳನ್ನು ಕರೆಸುವ, ಪ್ರಮಾಣ ಮಾಡಿಸುವ, ಕಡತ ತರಿಸುವ ಅಧಿಕಾರವನ್ನು ಆಯೋಗಕ್ಕೆ ಕೊಟ್ಟಿದೆ. ವರದಿ ಕೈಸೇರಿದ ಆರು ತಿಂಗಳೊಳಗೆ, ತೆಗೆದುಕೊಂಡ ಕ್ರಮದ ಟಿಪ್ಪಣಿಯ ಸಮೇತ ಶಾಸನಸಭೆಯ ಮುಂದಿಡಬೇಕು ಎಂದೂ ಅದರಲ್ಲಿದೆ. ಹಾಗಾಗಿ ಮುಂದಿನ ಅನಾಹುತದ ದಿನ ನಮ್ಮ ಶಾಸಕರು ಸದನದ ಬಾವಿಗಿಳಿದು ರಾಜೀನಾಮೆ ಎಂದು ಕೂಗುವ ಬದಲು ಕಡತದ ಹೆಸರು ಹಿಡಿದು ಕೇಳಲಿ: ಹಂಚಿಕೆಯ ದಿನವಹಿ ಎಲ್ಲಿ, ಕೊರತೆಯಿದೆ ಎಂದು ಆಸ್ಪತ್ರೆ ಬರೆದ ಪತ್ರ ಯಾರ ಮೇಜಿನ ಮೇಲೆ ಎಷ್ಟು ಹೊತ್ತು ಇತ್ತು, ಸಾವಿನ ಕಾರಣ ಬರೆದ ವೈದ್ಯರು ಯಾರು, ಆಮೇಲೆ ಅದನ್ನು ಬದಲಿಸಿದವರು ಇದ್ದರೆ ಯಾರು? ವಿಚಾರಣೆ ಬಾಗಿಲು ತೆರೆದು ನಡೆಯಲಿ, ಮಂತ್ರಿ ಕಟಕಟೆಗೆ ಬಂದು ಪಾಟೀಸವಾಲು ಎದುರಿಸಲಿ, ಸತ್ತವರ ಮನೆಯವರಿಗೆ ಅಲ್ಲಿ ಪ್ರಶ್ನೆ ಕೇಳುವ ಹಕ್ಕಿರಲಿ. ಆ ಪುಟಗಳಲ್ಲಿ ಮಂತ್ರಿಯ ತೀರ್ಮಾನವೇ ತಪ್ಪಾಗಿದ್ದದ್ದು ಕಂಡರೆ ರಾಜೀನಾಮೆ ಕೇಳುವವರ ಜೊತೆಗೆ ನಾನೂ ಇರುತ್ತೇನೆ.